ಸೋರುತ್ತಿರುವುದು ಕವಾಟ, ತೂತಲ್ಲ

ಅಪ್ಪಾ,

ಹೃದಯದ ಎಕೋ ಸ್ಕ್ಯಾನಿನಲ್ಲಿ ಕಂಡದ್ದು ಕವಾಟದ ಸೋರಿಕೆ. ನೀವು ಹೃದಯಕ್ಕೇ ತೂತು ಬಿದ್ದಿದೆ ಅಂತ ಬೀದಿಗೆಲ್ಲ ಡಂಗುರ ಸಾರಿದ್ದೀರಿ. ಹಾಲು ತರಲು ಹೋದರೆ ಅಂಗಡಿಯವರು ನನಗೆ ಸಮಾಧಾನ ಹೇಳುತ್ತಾರೆ! "ಎಷ್ಟು ಸೋರ್ತಿದೆ ನೋಡೋಣ, ಆಮೇಲೆ ಮಾತ್ರೆಯೋ ರಿಪೇರಿಯೋ ಹೇಳ್ತೀನಿ" ಅಂತ ಡಾಕ್ಟರು ಅಂದದ್ದು ನಿಮ್ಮ ಕಿವಿಗೆ ಬೀಳಲೇ ಇಲ್ಲವೇ?

ಇವತ್ತು ಗಂಟಲಲ್ಲಿ ನಳಿಗೆ ಇಳಿಸಿ ಇನ್ನೊಂದು ಎಕೋ ಮಾಡುತ್ತಾರೆ. ಅದು ಪರೀಕ್ಷೆ, ಆಪರೇಷನ್ ಅಲ್ಲ. ಕಾಫಿ ಹಾಗಿರಲಿ, ಹನಿ ನೀರೂ ಕುಡಿಯಬೇಡಿ. ಹಲ್ಲುಸೆಟ್ಟು ತೆಗೆದಿಡಬೇಕಂತೆ.

ಇನ್ನು ನನಗೇಕೆ ಅಂತ ನಿಮ್ಮ ಉಳಿ, ಗರಗಸವನ್ನೆಲ್ಲ ಭಾವನಿಗೆ ಕೊಟ್ಟುಬಿಟ್ಟಿರಂತೆ. ಮೊಳೆ ಹೊಡೆಯಲು ಹೋಗಿ ಬೆರಳು ಜಜ್ಜಿಕೊಳ್ಳುವ ಭಾವನಿಗೆ! ವಾಪಸು ತರಲು ಹೊರಟಿದ್ದೇನೆ. ಬಂದವಳೇ ಆಸ್ಪತ್ರೆಗೆ ಕರೆದೊಯ್ಯುತ್ತೇನೆ, ಸಿದ್ಧವಾಗಿರಿ.

ಬಚ್ಚಲ ಬಾಗಿಲ ಕೆಲಸ ಅರ್ಧಕ್ಕೆ ನಿಂತಿದೆ. ಅದನ್ನು ನೀವೇ ಮುಗಿಸಬೇಕು, ಅಪ್ಪಾ. ಬೇರೆ ಯಾರಿಗೂ ಮುಟ್ಟಲು ಬಿಡುವುದಿಲ್ಲ.