ಗಡಿಯಿಂದ ತಿರುಗಿ ಬಂದ ಉಡಿ

ಟೋಟೆಮ್ ಲೇಕ್, ಅಕ್ಟೋಬರ್ 2003

ತಂಗಿ ಕಸ್ತೂರಿ,

ನಿನಗೆ ಉಡಿ ತುಂಬಲೆಂದು ಹೋದ ತಿಂಗಳು ನಿಮ್ಮ ಕೆನಡಾದ ಗಡಿಯವರೆಗೆ ಬಂದಿದ್ದೆ. ಅಕ್ಕಿ, ಕಾಯಿ ಬಿಡುವುದಿಲ್ಲ, ಬೇಕಾದರೆ ನೀವು ಹೋಗಿ ಎಂದ ಅಲ್ಲಿಯ ಅಧಿಕಾರಿ.

“ಅವ್ವಾ, ಗಂಟು ಇಲ್ಲೇ ಬಿಟ್ಟು ನಡಿ. ಚಿಗವ್ವಗ ಭಾಳ ಆರಾಮಿಲ್ಲ,” ಎಂದ ಮಗ ಅಭಯ.

“ಬರಿಗೈಲೆ ತಂಗಿ ಮನಿಗೆ ಹೋಗಾಕಿ ನಾ ಅಲ್ಲ. ಗಾಡಿ ತಿರುಗಿಸು.”

ಮೂರನೆಯ ದಿನ ನೀನು ತೀರಿಕೊಂಡ ಸುದ್ದಿ ಬಂತು.

ಇಂದು ಮಧ್ಯಾಹ್ನ ಆ ಗಂಟು ಇಟ್ಟಿದ್ದ ಕಪಾಟು ತೆಗೆದೆ. ಕೀಲಿ ನನ್ನ ಸೊಂಟದಲ್ಲೇ ಇತ್ತು, ಗಂಟೂ ನಾನು ಕಟ್ಟಿದಂತೆಯೇ ಇತ್ತು. ಬಿಚ್ಚಿದರೆ ಕಾಯಿ ಇಲ್ಲ, ಖಣ ಇಲ್ಲ. ಐದು ಹಿಡಿ ಅಕ್ಕಿಯಲ್ಲಿ ಚಿಟಿಕೆಯಷ್ಟು ಮಾತ್ರ ಉಳಿದಿದೆ. ಉಡಿ ತುಂಬಿಸಿಕೊಂಡವಳು ತುಂಬಿದವಳ ಸೆರಗಿಗೆ ತಿರುಗಿ ಹಾಕುವಷ್ಟು.

ಸೆರಗೊಡ್ಡಲು ನನಗಿನ್ನೂ ಕೈ ಏಳುತ್ತಿಲ್ಲ.