ಆಷಾಢ ಕಳೆಯಲೆಂದು ಕಾದ ಲಸಿಕೆ

ಮಾನ್ಯ ಆರೋಗ್ಯಾಧಿಕಾರಿಗಳೇ,

ನನ್ನ ತಂಗಿಯ ಮಗಳು ಮೀನಾಳಿಗೆ ನೀವು ಲಸಿಕೆ ಹಾಕಲಿಲ್ಲ. ಲಸಿಕೆ ಇರಲಿಲ್ಲವೆಂದಲ್ಲ, ಇತ್ತು. ಹಾಕುವ ಸಿಸ್ಟರ್ ಇರಲಿಲ್ಲವೆಂದಲ್ಲ, ಇದ್ದರು. ಆಷಾಢ ಮಾಸ ಬಂತೆಂದು ಹಾಕಲಿಲ್ಲ. ಇದನ್ನು ನಾಲ್ಕು ಜನ ಓದಲಿ ಎಂದೇ ಪತ್ರಿಕೆಗೆ ಕಳಿಸುತ್ತಿದ್ದೇನೆ. ನಿಮ್ಮ ಕಚೇರಿಗೆ ಕೊಟ್ಟ ಅರ್ಜಿ ಇನ್ನೂ ತಮ್ಮ ಅಮೃತಹಸ್ತಕ್ಕಾಗಿ ಕಾಯುತ್ತಾ ಬಿದ್ದಿದೆ.

ನಾನು ಶಾಮಿಯಾನದವನು. ಬಿಳಿಕೆರೆಯಿಂದ ಹಿಡಿದು ಎಚ್.ಡಿ. ಕೋಟೆಯವರೆಗೆ ಮದುವೆ, ತಿಥಿ, ನಿಮ್ಮ ಇಲಾಖೆಯ ಜಾಗೃತಿ ಸಭೆ, ಎಲ್ಲಕ್ಕೂ ಕಂಬ ನೆಟ್ಟು ಮೈಕು ಕಟ್ಟುವುದು ನನ್ನ ಕಸುಬು. ಈ ಪತ್ರದ ಕನ್ನಡ ನನ್ನ ಯೋಗ್ಯತೆಗೆ ಮೀರಿದ್ದು ಅನ್ನಿಸಿದರೆ ಅದರ ಪುಣ್ಯ ನಿಮಗೇ ಸಲ್ಲಬೇಕು. ಮೈಕಿನ ಪಕ್ಕ ಕೂತು ನಿಮ್ಮಂಥವರ ಭಾಷಣ ಕೇಳೀ ಕೇಳೀ ಕಲಿತದ್ದು ಇದು. ಸ್ವಾಗತ, ಪ್ರಾಸ್ತಾವಿಕ, ದೀಪ, ಹಾರ, ಶಾಲು, ವಂದನಾರ್ಪಣೆ. ಜ್ವರದ ಮಾತ್ರೆ ಕೊಡುವುದಕ್ಕೂ ನಿಮಗೆ ಇಷ್ಟೆಲ್ಲ ಆಗಬೇಕು.

ನನ್ನ ತಂಗಿ ಯಶೋದಮ್ಮನಿಗೆ ಗರ್ಭಕಂಠದ ಕ್ಯಾನ್ಸರ್. ಹೊಗೆಸೊಪ್ಪು ಕಟ್ಟುತ್ತಾ ಕೂತವಳಿಗೆ ತಿಂಗಳ ಮಧ್ಯೆ ರಕ್ತ ಹೋಗುತ್ತಿತ್ತು. ಉಷ್ಣ ಅಂತ ಮಜ್ಜಿಗೆ ಕುಡಿದಳು, ದಣಿವು ಅಂತ ಸುಮ್ಮನಾದಳು. ಮೂವತ್ತು ದಾಟಿದ ಹೆಂಗಸರೆಲ್ಲ ಇದಕ್ಕೆ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಅವಳಿಗೆ ಹೇಳಿದವರು ಯಾರು? ನಿಮ್ಮ ಆಸ್ಪತ್ರೆಯ ಗೋಡೆಯ ಮೇಲೆ ಬರೆದಿತ್ತಂತೆ. ಅದರ ಮುಂದೆ ನೀವು ಬೀರು ಇಟ್ಟಿದ್ದಿರಿ. ಕೊನೆಗೆ ಮೈಸೂರಿನ ಡಾಕ್ಟರಮ್ಮನೇ ಅವಳಿಗೆ ಎಲ್ಲ ಬಿಡಿಸಿ ಹೇಳಿದ್ದು. ಇದು ಎಚ್‌ಪಿವಿ ಅನ್ನುವ ವೈರಸ್ಸಿನಿಂದ ಬರುತ್ತದೆ, ಸಂಸಾರ ಮಾಡುವ ಯಾರಿಗೆ ಬೇಕಾದರೂ ತಗಲಬಹುದು, ಬಹಳ ಜನರಲ್ಲಿ ತಾನಾಗಿ ಹೋಗುತ್ತದೆ, ಕೆಲವರಲ್ಲಿ ಉಳಿದು ವರ್ಷಗಟ್ಟಲೆ ಆದ ಮೇಲೆ ಹೀಗಾಗುತ್ತದೆ. ನಡತೆಗೂ ಇದಕ್ಕೂ ಗಂಟು ಹಾಕಬೇಡಿ. ಮಗಳಿದ್ದರೆ ಈಗಲೇ ಲಸಿಕೆ ಹಾಕಿಸಿ, ವೈರಸ್ಸು ತಗಲುವ ಮುಂಚೆ ಹಾಕಿಸಿದರೇ ಅದು ಚೆನ್ನಾಗಿ ಕೆಲಸ ಮಾಡುವುದು, ಅಂದರಂತೆ.

ಊರಿಗೆ ಬಂದವಳು ಕೈಚೀಲ ಕೆಳಗಿಡುವ ಮೊದಲೇ ಅಂದಳು: "ನಂದಂತೂ ಆಗೋಯ್ತು ಕಣಣ್ಣ. ಇವ್ಳಿಗಾದ್ರೂ ಸೂಜಿ ಆಕುಸ್ಬುಡು."

ಹದಿನಾಲ್ಕು ತುಂಬಿ ಹದಿನೈದಾಗದ ಹುಡುಗಿಯರಿಗೆ ಲಸಿಕೆ ಉಚಿತವೆಂದು ನಿಮ್ಮವರೇ ಸಾರಿದ್ದರು. ಮೀನಾಗೆ ಹದಿನಾಲ್ಕು ತುಂಬಿತ್ತು. ಲಸಿಕೆಯೂ ಬಂದು ಫ್ರಿಜ್ಜಿನಲ್ಲಿ ಕೂತಿತ್ತು. ಆದರೆ ಉದ್ಘಾಟನೆ ಆಗಬೇಕಲ್ಲ? ಅದು ಆಗುವ ತನಕ ಒಬ್ಬರಿಗೂ ಹಾಕಕೂಡದೆಂದು ನೀವು ಅಪ್ಪಣೆ ಕೊಡಿಸಿದಿರಿ. ಮುಖ್ಯ ಅತಿಥಿಗಳಿಗೆ ಮೊದಲು ಪುರುಸೊತ್ತಾಗಲಿಲ್ಲ. ಅವರಿಗೆ ಪುರುಸೊತ್ತಾಗುವ ಹೊತ್ತಿಗೆ ಆಷಾಢ ಬಂತು. ಆಮೇಲೆ ನಾನೇ ನಿಮ್ಮ ಕಚೇರಿಗೆ ಬಂದು ನಿಂತದ್ದು ತಮಗೆ ನೆನಪಿರಬಹುದು.

"ಸಾಹೇಬ್ರು ಆಷಾಢದಲ್ಲಿ ಯಾವ್ದನ್ನೂ ಉದ್ಘಾಟನೆ ಮಾಡಲ್ಲ ಕಣ್ರೀ. ಲಸಿಕೆ ಏನು ಓಡಿ ಹೋಗುತ್ತಾ? ಫ್ರಿಜ್ಜಲ್ಲಿ ತಣ್ಣಗಿದೆ," ಅಂದಿರಿ.

"ಲಸಿಕೆ ಓಡೋಗಲ್ಲ ಸಾರ್, ಮಗೀಗೆ ವಯಸ್ಸು ಮೀರೋಯ್ತದೆ. ಇದೇ ಆಷಾಢದಾಗೆ ಹದಿನೈದು ತುಂಬ್ತದೆ," ಅಂದೆ.

"ನೋಡೋಣ ಬುಡಿ" ಅಂತ ನಮ್ಮ ಭಾಷೆಯಲ್ಲೇ ಹೇಳಿ, ನಕ್ಕು, ಫೋನು ಎತ್ತಿಕೊಂಡಿರಿ.

ಆಷಾಢವೆಂದರೇನೆಂದು ನನಗೆ ಪಾಠ ಹೇಳಬೇಡಿ. ಮದುವೆಯಿಲ್ಲದ ಆ ತಿಂಗಳು ನನ್ನ ಕಂಬಗಳೆಲ್ಲ ಕೊಟ್ಟಿಗೆಯಲ್ಲಿ ಮಲಗಿರುತ್ತವೆ. ಹೊಸ ಸೊಸೆ ತವರಿಗೆ ಹೋಗುವುದನ್ನು ನಾನೂ ಬಲ್ಲೆ. ನಿಮ್ಮ ಲಸಿಕೆ ಯಾರ ಮನೆಯ ಹೊಸ ಸೊಸೆ, ಸ್ವಾಮಿ? ಆ ತಿಂಗಳು ವೈರಸ್ಸೇನಾದರೂ ರಜೆ ಹಾಕಿತ್ತೋ? ನಿಮ್ಮ ಸಂಬಳಕ್ಕೆ ಅಡ್ಡ ಬಾರದ ಆಷಾಢ ಹುಡುಗಿಯರ ತೋಳಿಗೆ ಮಾತ್ರ ಅಡ್ಡ ಬಂತೋ? ಹೆರಿಗೆ ನೋವು ಬಂದವರಿಗೂ ಶ್ರಾವಣದವರೆಗೆ ತಡೆಯಮ್ಮಾ ಎನ್ನಲಿಲ್ಲವಲ್ಲ, ಅಷ್ಟರಮಟ್ಟಿಗೆ ನೀವು ದೊಡ್ಡವರು.

ಮಗಳ ಹುಟ್ಟುಹಬ್ಬದ ದಿನ ಯಶೋದಮ್ಮ ಪಾಯಸ ಮಾಡಿದಳು. ಬಡಿಸುತ್ತಾ ಬಡಿಸುತ್ತಾ ಅಳತೊಡಗಿದಳು. ಮಗಳಿಗೆ ಹದಿನೈದು ತುಂಬಿತಲ್ಲಾ ಎಂದು ಅಳುವ ತಾಯಿಯನ್ನು ನಾನು ಅದೇ ಮೊದಲು ನೋಡಿದ್ದು. ಮೀನಾ ಉಣ್ಣದೆ ಎದ್ದುಹೋದಳು. ನನಗೆ ನಿಮ್ಮ ನಗು ನೆನಪಾಗಿ ಮೈಯೆಲ್ಲ ಉರಿದುಹೋಯಿತು.

ಶ್ರಾವಣ ಬಂತು, ಸಾಹೇಬರೂ ಬಂದರು. ಶಾಮಿಯಾನ ನನ್ನದೇ. ಮುಕ್ಕಾಲು ಗಂಟೆ ಮಾತಾಡಿದ ಅವರ ಬಾಯಲ್ಲಿ ಗರ್ಭಕಂಠ ಅನ್ನುವ ಪದ ಒಮ್ಮೆಯೂ ಬರಲಿಲ್ಲ. "ತಾಯಂದಿರ ಆ ಒಂದು ಸಮಸ್ಯೆ" ಅಂದರು. ಪಕ್ಕದಲ್ಲಿದ್ದ ನೀವು ತಲೆಯಾಡಿಸಿದಿರಿ. ಇಷ್ಟು ಎಳೇ ಹುಡುಗೀರಿಗೆ ಇದ್ಯಾಕೆ, ಮುಂದೆ ಮಕ್ಕಳಾಗದಂತೆ ಮಾಡೋ ಸೂಜಿಯಂತೆ, ಎಂದು ಹಿಂದಿನ ಸಾಲಿನಲ್ಲಿ ಗುಸುಗುಸು ನಡೆದಿತ್ತು. ಹಾಗಲ್ಲವೆಂದು ಒಂದು ಮಾತು ಹೇಳಲು ನನ್ನ ಮೈಕು ನಿಮ್ಮ ಕೈಯಲ್ಲೇ ಇತ್ತಲ್ಲ? ಗಂಡಸರಿಗೂ ಇದೇ ವೈರಸ್ಸಿನಿಂದ ಗಂಟಲ ಕ್ಯಾನ್ಸರ್ ಬರಬಹುದೆಂದು ಹೇಳಿದ್ದರೆ ಮುಂದಿನ ಸಾಲಿನ ಯಜಮಾನರಾದರೂ ನಿದ್ದೆಯಿಂದ ಏಳುತ್ತಿದ್ದರು.

ಮೀನಾ ತೋಳಿನ ಬಟ್ಟೆ ಮೇಲೆತ್ತಿಕೊಂಡು ಸಾಲಿನಲ್ಲಿ ನಿಂತಳು. ಸಿಸ್ಟರ್ ತಲೆ ತಗ್ಗಿಸಿದರು. "ವಯಸ್ಸು ಮೀರಿದೆ, ರೂಲ್ಸ್ ಇಲ್ಲ," ಎಂದವರು ತಾವು. ಸಾಹೇಬರಿಗಾಗಿ ತಿಂಗಳುಗಟ್ಟಲೆ ಹಿಗ್ಗಿದ ಕಾನೂನು ಹುಡುಗಿಗೆ ಒಂದು ವಾರವೂ ಹಿಗ್ಗಲಿಲ್ಲ. ಪ್ರೈವೇಟಿನಲ್ಲಿ ಹಾಕಿಸಿ ಎಂದು ಉಪದೇಶ ಬೇರೆ. ತಾಯಿಯ ಚಿಕಿತ್ಸೆಗೆ ಓಡಾಡಿ ಸೋತ ಮನೆಗೆ ಈ ಬುದ್ಧಿ ಹೇಳಲು ನಿಮಗೆ ನಾಚಿಕೆಯಾಗಲಿಲ್ಲವೇ?

ಇಷ್ಟರಲ್ಲಿ ಮೊನ್ನೆ ನಿಮ್ಮ ಗುಮಾಸ್ತರು ಫೋನು ಮಾಡಿದ್ದರು. ಲಸಿಕೆ ನೂರಕ್ಕೆ ನೂರು ಆಗಿದೆಯಂತೆ, ನಿಮಗೆ ಸನ್ಮಾನವಂತೆ, ದೊಡ್ಡ ಶಾಮಿಯಾನ ಬೇಕಂತೆ. ವಯಸ್ಸು ಮೀರಿಸಿ ಹೊರಗೆ ಹಾಕಿದವರನ್ನು ಲೆಕ್ಕಕ್ಕೇ ಹಿಡಿಯದಿದ್ದರೆ ನೂರಾಗದೆ ಇನ್ನೇನಾಗುತ್ತದೆ?

ನನ್ನ ಬೇಡಿಕೆ ದೊಡ್ಡದಲ್ಲ. ನೀವು ತಡಮಾಡಿದ್ದರಿಂದ ವಯಸ್ಸು ಮೀರಿದ ಮೀನಾಳಿಗೂ ಅವಳಂಥ ಎಲ್ಲ ಹುಡುಗಿಯರಿಗೂ, ಈಗ ಎಷ್ಟು ಡೋಸು ಬೇಕೋ ಅಷ್ಟನ್ನು ನಿಮ್ಮ ಇಲಾಖೆಯೇ ಹಾಕಿಸಬೇಕು. ದೀಪ ಬೇಡ, ಅತಿಥಿ ಬೇಡ, ಒಂದು ಕುರ್ಚಿ ಸಾಕು. ಅಲ್ಲಿಯವರೆಗೆ ನಿಮ್ಮ ಸನ್ಮಾನಕ್ಕೆ ನನ್ನ ಒಂದು ಗೂಟವೂ ನೆಲಕ್ಕಿಳಿಯುವುದಿಲ್ಲ.

ತಂಗಿಯ ಹೆಸರು, ಕಾಯಿಲೆ ಎರಡನ್ನೂ ಬೀದಿಗೆ ತಂದನಲ್ಲಾ ಎಂದು ತಾವು ಮರುಗುವುದು ಬೇಡ. ಹೆಸರು ಬಿಟ್ಟು ಬರೆಯಲೇ ಎಂದು ನಾನೇ ಅವಳನ್ನು ಕೇಳಿದ್ದೆ. "ಬರಿ ಕಣಣ್ಣ, ನಾನೇನ್ ಕಳ್ತನ ಮಾಡಿದ್ದೀನಾ? ಎಸ್ರು ಮುಚ್ಕಬೇಕಾದೋರು ಅವ್ರು," ಅಂದಳು. ಆದ್ದರಿಂದಲೇ ಅವಳ ಹೆಸರು ಬರೆದಿದ್ದೇನೆ, ನಿಮ್ಮದನ್ನು ಬಿಟ್ಟಿದ್ದೇನೆ.

ಇಂತಿ,
ನಿಮ್ಮೆಲ್ಲ ಭಾಷಣಗಳಿಗೂ ನೆರಳು ಕೊಟ್ಟ ಪಾಪಿ,
ಶಾಮಿಯಾನದ ಬೆಟ್ಟಸ್ವಾಮಿ