ಅಮ್ಮನ ಹೆಸರಿನ ಎರಡು ಕಾಗದ

ಯೋಂಗ್‌ಚಿಯಾವ್, ಹುನಾನ್
ನವೆಂಬರ್ 16

ಪ್ರೀತಿಯ ಐಕಾ ಅಕ್ಕನಿಗೆ,

ನಿನ್ನ ತಂಗಿ ಫುರಾಹಾಳ ನಮಸ್ಕಾರಗಳು. ನೀನು, ಭಾವ, ಮಕ್ಕಳು ಎಲ್ಲರೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಮರಂಗುವಿನಲ್ಲಿ ಈಗ ಸಣ್ಣ ಮಳೆ ಹಿಡಿದಿರಬೇಕು. ಇಲ್ಲೂ ಮಳೆಯೇ, ಆದರೆ ಮೂಳೆಗೆ ಇಳಿಯುವ ತಣ್ಣನೆಯ ಮಳೆ. ಒಗೆದ ಬಟ್ಟೆ ವಾರವಾದರೂ ಒಣಗುವುದಿಲ್ಲ.

ಪತ್ರ ತಡವಾಯಿತು, ಮನ್ನಿಸು. ಎಷ್ಟೋ ಸಲ ಬರೆಯಲು ಕುಳಿತು ಮೊದಲ ಸಾಲಿನಲ್ಲೇ ಎದ್ದುಹೋದೆ. ನೀನು ನನ್ನ ಕರೆ ಎತ್ತುತ್ತಿಲ್ಲ. ತಮ್ಮನ ಹೆಂಡತಿ ಮೊನ್ನೆ ಹೇಳಿದಳು, ಅಮ್ಮನನ್ನು ಮಣ್ಣು ಮಾಡುವ ಹೊತ್ತಿಗೆ ಎಲ್ಲರ ಮುಂದೆ ನೀನು ಅಂದೆಯಂತೆ: "ಅವಳಿಗೆ ಕಾಯೋದು ಸಾಕು, ಪೆಟ್ಟಿಗೆ ಇಳಿಸಿ. ಅವಳೀಗ ಚೀನಾದವಳು." ನನಗೆ ಸಿಟ್ಟು ಬರಲಿಲ್ಲ ಅಕ್ಕ. ನಗು ಬಂತು, ಕೆಟ್ಟ ನಗು. ಹದಿನಾಲ್ಕು ವರ್ಷ ಒದ್ದಾಡಿದರೂ ನಾನು ಆಗಲಾರದ್ದನ್ನು ನೀನು ಅಷ್ಟು ದೂರದಿಂದ ಒಂದೇ ಮಾತಿನಲ್ಲಿ ಮಾಡಿಬಿಟ್ಟೆ.

ನಾನು ಯಾಕೆ ಬರಲಿಲ್ಲ ಎಂಬುದನ್ನು ಇದರಲ್ಲಿ ಬರೆಯುತ್ತೇನೆ. ನಂಬುವುದು ಬಿಡುವುದು ನಿನಗೆ ಬಿಟ್ಟಿದ್ದು.

ಮೊದಲು ಮನೆಯ ಸಮಾಚಾರ. ನನ್ನ ಯಜಮಾನರು ಶೌಹುವಾ ಗುಯ್‌ಝೌ ಬೆಟ್ಟಗಳಲ್ಲಿ ಸುರಂಗದ ಕೆಲಸದಲ್ಲಿದ್ದಾರೆ. ತಿಂಗಳಿಗೊಮ್ಮೆ ಬರುತ್ತಾರೆ, ನಿದ್ದೆ ಮಾಡಿ ಹೋಗುತ್ತಾರೆ. ಆಫ್ರಿಕಾಕ್ಕೆ, ನಮ್ಮೂರಿನ ರಸ್ತೆ ಮಾಡಲು ಬಂದಿದ್ದಾಗ ಎಷ್ಟು ಮಾತಾಡುತ್ತಿದ್ದರು, ನೆನಪಿದೆಯಾ? ಅಮ್ಮ ಅವರಿಗೆ ಬಾಳೆಹಣ್ಣಿನ ಬಿಯರು ಕುಡಿಸಿ ಹಾಡು ಹೇಳಿಸಿದ್ದಳು. ಈಗ ಮಾತನ್ನೆಲ್ಲ ಸುರಂಗದಲ್ಲೇ ಬಿಟ್ಟು ಬರುತ್ತಾರೆ. ನನ್ನ ಮಗಳು ರುಯೂನ್ ಸೆಪ್ಟೆಂಬರಿನಿಂದ ಮಾಧ್ಯಮಿಕ ಶಾಲೆಗೆ ಹೋಗುತ್ತಿದ್ದಾಳೆ. ಅತ್ತೆಯ ಮಂಡಿನೋವು ಹಾಗೇ ಇದೆ, ಅವರ ಅಕ್ಕಿ ಶಾವಿಗೆಯ ಅಂಗಡಿಯೂ ಹಾಗೇ ಇದೆ.

ಆ ಅಂಗಡಿಯಲ್ಲಿ ನಾನು ಕೆಲಸ ಮಾಡುವಂತಿಲ್ಲ. ನನ್ನ ಪರವಾನಗಿ ಹೆಂಡತಿಯಾಗಿ ಇರುವುದಕ್ಕೆ ಮಾತ್ರ, ದುಡಿಯುವುದಕ್ಕಲ್ಲ. ನಮ್ಮ ಕಡೆಯ ಮೋಶಿ ಪಟ್ಟಣದ ಶಾಲೆಯಲ್ಲಿ ಗಣಿತ ಕಲಿಸಿದವಳು ಇಲ್ಲಿ ಬಟ್ಟಲು ತೊಳೆದರೂ ತಪ್ಪು. ಯಾರೋ ದೂರು ಕೊಟ್ಟು ಪೊಲೀಸಿನವನು ಬಂದಾಗ ಅತ್ತೆ ಸೌಟು ಹಿಡಿದೇ ಎದುರು ನಿಂತರು.

"ಎಲ್ಲಿ ಕೆಲಸ ಮಾಡ್ತಿದಾಳಪ್ಪಾ ಅವಳು? ಸೊಸೆ, ಕೂತಿದಾಳೆ. ಬೇಜಾರು ಕಳೆಯೋಕೆ ಈರುಳ್ಳಿ ಸೊಪ್ಪಿನ ಜೊತೆ ಆಟ ಆಡ್ತಿದಾಳೆ."

ಅವನು ನಕ್ಕು, ಒಂದು ಬಟ್ಟಲು ತಿಂದು ಹೋದ.

ಎಲ್ಲವೂ ಹೀಗೆ ನಕ್ಕು ಮುಗಿಯುವುದಿಲ್ಲ. ಆಸ್ಪತ್ರೆಯಲ್ಲಿ ಚೀಟಿ ತೆಗೆಯಲು ಫೋನು ಇಲ್ಲಿಯವರ ಗುರುತಿನ ಸಂಖ್ಯೆ ಕೇಳುತ್ತದೆ, ನನಗೆ ಅದಿಲ್ಲ. ಬ್ಯಾಂಕಿನ ಅರ್ಜಿಯ ಚೌಕಗಳಲ್ಲಿ ನನ್ನ ಉದ್ದ ಹೆಸರು ಹಿಡಿಯದೆ "ಎಲಿಫುರಾಹಾ ಅನಾ" ಎಂದು ಅರ್ಧಕ್ಕೆ ನಿಂತಿದೆ. ರೈಲಿನವರಲ್ಲಿ ಪೂರ್ತಿ ಇದೆ, ಆದರೆ ಎಲ್ಲ ಅಕ್ಷರಗಳೂ ಒಂದಕ್ಕೊಂದು ಅಂಟಿಕೊಂಡಿವೆ. ಹಾಗಾಗಿ ಬ್ಯಾಂಕಿನ ಫುರಾಹಾ ರೈಲಿನ ಫುರಾಹಾಳಿಗೆ ಟಿಕೆಟು ಕೊಳ್ಳಲಾರಳು. ಶಾವಿಗೆ ತಿನ್ನಲು ಬಂದವರು ನಾನು ಊಟದ ಕಡ್ಡಿ ಹಿಡಿಯುವುದನ್ನು ಕಂಡು ಇವತ್ತಿಗೂ ಹೊಗಳುತ್ತಾರೆ. ಬಸ್ಸಿನಲ್ಲಿ ಹಿಂದಿನ ಸೀಟಿನ ಹೆಂಗಸು ಕೇಳದೆ ಕೂದಲು ಮುಟ್ಟಿ ನೋಡುತ್ತಾಳೆ. "ನಿಮ್ಮ ದೇಶಕ್ಕೆ ಯಾವಾಗ ವಾಪಸ್ ಹೋಗ್ತೀರಾ?" ಎಂದು ಕೇಳುವುದು ಇಲ್ಲಿ "ಊಟ ಆಯ್ತಾ?" ಎಂದಷ್ಟೇ ಸಲೀಸು. ಯಾರೂ ಕೆಟ್ಟತನದಿಂದ ಕೇಳುವುದಿಲ್ಲ. ಅದೇ ಕಷ್ಟ. ಕೆಟ್ಟತನವಾಗಿದ್ದರೆ ತಿರುಗಿ ಬೈಯಬಹುದಿತ್ತು.

ಅಕ್ಟೋಬರಿನಲ್ಲಿ ನನ್ನ ಪರವಾನಗಿಯ ಅವಧಿ ಮುಗಿಯುವುದಿತ್ತು. ಪಾಸ್‌ಪೋರ್ಟನ್ನು ಜಿಲ್ಲಾ ಪಟ್ಟಣದ ಕಚೇರಿಗೆ ಒಪ್ಪಿಸಿ, ಬದಲಿಗೆ ನನ್ನ ಫೋಟೊ ಇರುವ ರಸೀದಿ ಹಿಡಿದು ಬಂದೆ. ಪ್ರತಿ ಸಲವೂ ಹೀಗೆಯೇ. ಅದು ಮರಳಿ ಬರುವವರೆಗೆ ಕೆಲವು ವಾರ ದೇಶ ದಾಟುವಂತಿಲ್ಲ. ಯಾವ ಸಲವೂ ದಾಟುವ ಅಗತ್ಯ ಬಿದ್ದಿರಲಿಲ್ಲ. ಈ ಸಲ ಅದಾದ ಭಾನುವಾರವೇ ನಿನ್ನ ಫೋನು ಬಂತು.

"ಅಮ್ಮ ಹೋದ್ಲು ಕಣೇ. ಶನಿವಾರದವರೆಗೂ ಕಾಯ್ತೀವಿ. ಬಂದ್ಬಿಡು."

ಬರುತ್ತೇನೆ ಎಂದೆ. ಫೋನು ಇಟ್ಟ ಮೇಲೆ ನನ್ನ ಬಳಿ ಪಾಸ್‌ಪೋರ್ಟ್ ಇಲ್ಲವೆಂಬುದು ನೆನಪಾಯಿತು.

ಸೋಮವಾರ ಬಾಗಿಲು ತೆಗೆಯುವ ಮೊದಲೇ ಕಚೇರಿಯ ಮುಂದೆ ನಿಂತಿದ್ದೆ. ಕಿಟಕಿಯಲ್ಲಿ ತಾನ್ ಎಂಬ ಹುಡುಗಿ, ಕೆಲಸಕ್ಕೆ ಹೊಸಬಳು. ನನ್ನ ಮುಖ ನೋಡಿಯೇ ಬಿಸಿನೀರು ತಂದುಕೊಟ್ಟಳು.

"ಅಕ್ಕಾ, ಅರ್ಜೆಂಟಿದ್ರೆ ಪಾಸ್‌ಪೋರ್ಟ್ ವಾಪಸ್ ತಗೋಬಹುದು. ತಾಯಿ ತೀರ್ಕೊಂಡ್ರು ಅನ್ನೋದಕ್ಕೆ ಕಾಗದ ಬೇಕು. ಅವರು ನಿಮ್ಮ ತಾಯಿ ಅನ್ನೋದಕ್ಕೂ ಕಾಗದ ಬೇಕು. ಎರಡೂ ಚೀನೀಲಿ ಇರ್ಬೇಕು, ಅನುವಾದಕರ ಮುದ್ರೆ ಹಾಕಿ."

ನನ್ನ ಜನನ ಪತ್ರದ ಅನುವಾದ ಮನೆಯಲ್ಲೇ ಇತ್ತು, ಮದುವೆಯ ಕಾಲದಲ್ಲಿ ಮಾಡಿಸಿದ್ದು. ಆಸ್ಪತ್ರೆಯ ಮರಣ ಪತ್ರವನ್ನು ನಮ್ಮ ತಮ್ಮ ನನ್ನ ಫೋನಿಗೆ ಕಳಿಸಿದ. ಮಂಗಳವಾರ ಅದನ್ನು ಹಿಡಿದು ಚಾಂಗ್‌ಶಾ ನಗರಕ್ಕೆ ಹೋದೆ. ಮುದ್ರೆ ಇರುವ ಅನುವಾದಕರು ನಮ್ಮ ಕಡೆ ಇಲ್ಲ. ಗುರುವಾರದ ವಿಮಾನ ಹಿಡಿದರೆ ಶನಿವಾರಕ್ಕೆ ತಲುಪಬಹುದೆಂದು ಲೆಕ್ಕ ಹಾಕಿದ್ದೆ. ದಾರಿಯುದ್ದಕ್ಕೂ ಅಮ್ಮನಿಗೆ ಯಾವ ಬಟ್ಟೆ ಉಡಿಸಿರಬಹುದು ಎಂದೇ ಯೋಚಿಸುತ್ತಿದ್ದೆ. ನೀಲಿಯದನ್ನೇ ಉಡಿಸಿದಿರಾ?

ಬುಧವಾರ ತಾನ್ ಎರಡೂ ಕಾಗದಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದಳು.

"ಅಕ್ಕಾ, ಇದ್ರಲ್ಲಿ ನಿಮ್ಮ ತಾಯಿ ಎಶಿಯೇಲಿ ಲೀಮೊ. ಇದ್ರಲ್ಲಿ ತೀರ್ಕೊಂಡವರು ಎಶಿಯೇಲಿ ಮುಶಿ."

"ಇಬ್ರೂ ಒಬ್ಬಳೇ ಕಣಮ್ಮ. ಲೀಮೊ ಅವಳ ತವರು. ಮದುವೆ ಆದ್ಮೇಲೆ ನಮ್ಮಪ್ಪನ ಮನೆತನದ ಹೆಸರು ಬಂತು."

"ಮದುವೆ ಆದ್ರೆ ಹೆಸರು ಬದಲಾಗುತ್ತಾ?" ಎಂದಳು. ಕೊಂಕಿನಿಂದಲ್ಲ, ನಿಜವಾಗಿಯೂ ಆಶ್ಚರ್ಯಪಟ್ಟೇ ಕೇಳಿದಳು. ಇಲ್ಲಿ ಹೆಂಗಸರು ಸಾಯುವವರೆಗೂ ತಂದೆಯ ಹೆಸರಿನಲ್ಲೇ ಇರುತ್ತಾರೆ. "ಅದೂ ಅಲ್ದೆ, ಎಶಿಯೇಲಿ ಅನ್ನೋದನ್ನೇ ಹಳೇ ಅನುವಾದದವರು ಒಂಥರ ಅಕ್ಷರದಲ್ಲಿ ಬರೆದಿದಾರೆ, ಹೊಸಬರು ಇನ್ನೊಂಥರ. ಕಾಗದದ ಮೇಲೆ ಇವರು ಇಬ್ರು ಬೇರೆ ಹೆಂಗಸರು."

"ನಿಮ್ಮಮ್ಮ ನಿಮ್ಮಮ್ಮನೇ ಅಂತ ನೀವು ಕಾಗದ ತೋರಿಸ್ತೀರಾ?" ಎಂದು ನಾನು ಜೋರಾಗಿಯೇ ಕೇಳಿದೆ.

ಅವಳು ತಲೆ ತಗ್ಗಿಸಿದಳು. "ತೋರಿಸ್ತೀನಿ ಅಕ್ಕಾ. ಮನೆಯ ನೋಂದಣಿ ಪುಸ್ತಕ ಇದೆಯಲ್ಲ, ಅದ್ರಲ್ಲಿದೆ."

ಅವಳ ಮೇಲೆ ಏನೆಂದು ಕೂಗಾಡಲಿ? ಇಬ್ಬರೂ ಒಬ್ಬರೇ ಎಂದು ನಮ್ಮ ದೂತಾವಾಸದಿಂದ ಬರೆಸಿ ತರಬೇಕೆಂದಳು. ಬೀಜಿಂಗಿನಿಂದ ಆ ಕಾಗದ ಬರಲು ವಾರ ಹಿಡಿಯುತ್ತದೆ.

ಗುರುವಾರ ಅತ್ತೆ ಅಂಗಡಿಗೆ ಬೀಗ ಹಾಕಿದರು. ಹೊಸ ವರ್ಷದ ಹಬ್ಬ ಬಿಟ್ಟರೆ ಅವರು ಅಂಗಡಿ ಮುಚ್ಚಿದ್ದನ್ನು ನಾನು ಕಂಡದ್ದೇ ಇಲ್ಲ. ಮಂಡಿ ಹಿಡಿದುಕೊಂಡು ನನ್ನ ಜೊತೆ ಕಚೇರಿಯ ಮೆಟ್ಟಿಲು ಹತ್ತಿ, ತಾನ್‌ಳನ್ನು ಬಿಟ್ಟು ನೇರ ಮೇಲಧಿಕಾರಿಯ ಮೇಜಿನ ಮುಂದೆ ನಿಂತರು.

"ಇವಳ ತಾಯಿ ಸತ್ತಿದಾಳೆ ಅನ್ನೋದು ಮುಖ ನೋಡಿದ್ರೆ ಗೊತ್ತಾಗಲ್ವಾ? ಅದಕ್ಕೂ ಮುದ್ರೆ ಬೇಕಾ?"

"ಕೂತ್ಕೊಳ್ಳಿ ಅಮ್ಮಾ. ನಂಗೆ ಗೊತ್ತಾಗುತ್ತೆ. ಕಂಪ್ಯೂಟರಿಗೆ ಗೊತ್ತಾಗಲ್ಲ."

"ಹಂಗಾದ್ರೆ ಅದನ್ನ ಎಬ್ಬಿಸಿ, ಆ ಕುರ್ಚೀಲಿ ನೀವು ಕೂತ್ಕೊಳ್ಳಿ!"

ಕಾಯುತ್ತಿದ್ದವರೆಲ್ಲ ನಕ್ಕರು. ಅಧಿಕಾರಿಯೂ ನಕ್ಕ. ಆ ಕೋಣೆಯಲ್ಲಿ ನಗದೆ ಇದ್ದವರು ನಾವಿಬ್ಬರು, ಮತ್ತೆ ತಾನ್. ಮೇಲಿನವರನ್ನು ಕೇಳಿ ನೋಡುತ್ತೇನೆ, ಸೋಮವಾರ ಬನ್ನಿ ಎಂದ ಆತ. ಅತ್ತೆ ಮೆಟ್ಟಿಲು ಇಳಿಯುವಾಗ ನನ್ನ ತೋಳು ಹಿಡಿದುಕೊಂಡರು. "ಏ ಹುಡುಗಿ, ನಾನು ಕೂಗಾಡಿ ಕೆಲಸ ಕೆಡಿಸಿದ್ನೇನೇ?" ಎಂದರು. ಇಲ್ಲ ಎಂದೆ. ಅವತ್ತಿನ ವಿಮಾನ ನಾನಿಲ್ಲದೆ ಹೋಯಿತು.

ಶನಿವಾರ ನಿಮ್ಮಲ್ಲಿ ಮಧ್ಯಾಹ್ನ, ನಮ್ಮಲ್ಲಿ ಸಂಜೆ. ನಮ್ಮ ತಮ್ಮ ಫೋನಿನಲ್ಲಿ ತೋರಿಸುತ್ತಿದ್ದ ಚಿತ್ರ ತಡೆದು ತಡೆದು ಬರುತ್ತಿತ್ತು. ಬಾಳೆಯ ಎಲೆಗಳು ಕಂಡವು, ಪಾದ್ರಿಯ ಕೈ ಕಂಡಿತು, ನಿನ್ನ ಬೆನ್ನು ಕಂಡಿತು. ಪೆಟ್ಟಿಗೆ ಹಗ್ಗದಲ್ಲಿ ಇಳಿಯುತ್ತಿದ್ದಾಗ ಚಿತ್ರ ನಿಂತುಬಿಟ್ಟಿತು. ಅರ್ಧ ಇಳಿದ ಅಮ್ಮ ನನ್ನ ಕೈಯಲ್ಲಿ ಹಾಗೇ ಉಳಿದಳು.

ಅತ್ತೆ ಬಂದು ಫೋನು ಕಸಿದು ಇಟ್ಟರು. "ಎದ್ದೇಳು. ನಮ್ಮ ಪದ್ಧತೀಲಿ ಮಾಡೋಣ. ನಿಮ್ಮ ದೇವರು ಬೇಜಾರು ಮಾಡ್ಕೊಂಡ್ರೆ ನನ್ನ ಮೇಲೆ ಮಾಡ್ಕೊಳ್ಲಿ." ರಸ್ತೆಗಳು ಸೇರುವಲ್ಲಿಗೆ ಕರೆದುಕೊಂಡು ಹೋಗಿ, ಸೀಮೆಸುಣ್ಣದಲ್ಲಿ ಒಂದು ವೃತ್ತ ಬರೆದು, "ನಿಮ್ಮೂರು ಯಾವ ದಿಕ್ಕಿಗೆ?" ಎಂದು ಕೇಳಿದರು. ಪಶ್ಚಿಮ ಎಂದೆ. ಪಶ್ಚಿಮಕ್ಕೆ ಬಾಗಿಲಿನಂತೆ ಜಾಗ ಬಿಟ್ಟರು. ಸತ್ತವರಿಗೆಂದು ಸುಡುವ ಕಾಗದದ ಹಣಕ್ಕೆ ಕಡ್ಡಿ ಗೀರುವ ಮೊದಲು ತಿರುಗಿ ನನ್ನ ಮುಖ ನೋಡಿದರು.

"ಹೆಸರು ಹೇಳಿ ಕರೀಬೇಕು, ಇಲ್ದಿದ್ರೆ ಬೇರೆ ಯಾರೋ ತಗೊಂಡು ಹೋಗ್ತಾರೆ. ಏನಂತ ಕರೀಲಿ?"

ಲೀಮೊ ಎನ್ನಲೇ, ಮುಶಿ ಎನ್ನಲೇ? ಊರಿನಲ್ಲಿ ಯಾರೂ ಅವಳನ್ನು ಹಾಗೆ ಕರೆದಿರಲಿಲ್ಲ. "ಮಾಮಾ ಐಕಾ ಅನ್ನಿ ಅತ್ತೆ. ಐಕಾಳ ಅಮ್ಮ ಅಂತ. ನಮ್ಮ ಕಡೆ ಮೊದಲ ಮಗುವಿನ ಹೆಸರಲ್ಲೇ ತಾಯೀನ ಕರೀತಾರೆ" ಎಂದೆ. ಅವರು ನಿನ್ನ ಹೆಸರನ್ನು ಬಾಯಿಯಲ್ಲಿ ಒಂದೆರಡು ಸಲ ತಿರುಗಿಸಿ ನೋಡಿ, ಆಮೇಲೆ ಗಟ್ಟಿಯಾಗಿ ಕೂಗಿದರು. ಹುನಾನಿನ ಆ ಬೀದಿಯಲ್ಲಿ ನಿನ್ನ ಹೆಸರು ಕೇಳಿಸಿತು ಅಕ್ಕ. ಆಗ ನನಗೆ ಅಳು ಬಂತು.

ಅಷ್ಟರಲ್ಲಿ ಸ್ಕೂಟರಿನವನೊಬ್ಬ ನಿಲ್ಲಿಸಿ ಫೋನು ಎತ್ತಿ ಹಿಡಿದ. "ನೋಡಿ, ನೋಡಿ! ಆಫ್ರಿಕಾದವಳು ಕಾಗದದ ಹಣ ಸುಡ್ತಿದಾಳೆ!"

"ನಿನ್ನಮ್ಮ ಸತ್ತಾಗ ನಾನೂ ಬಂದು ವಿಡಿಯೊ ಹಿಡೀತೀನಿ, ಹೋಗಲೋ!" ಎಂದು ಅತ್ತೆ ಸೀಮೆಸುಣ್ಣ ಎಸೆದರು. ಅವನು ಅದನ್ನೂ ವಿಡಿಯೊ ಹಿಡಿದುಕೊಂಡೇ ಹೋದ. ಮಾರನೆಯ ದಿನ ಅಂಗಡಿಗೆ ಬಂದವರು ತಮ್ಮ ಫೋನು ತೋರಿಸಿ "ಇದು ನೀವೇ ಅಲ್ವಾ?" ಎಂದು ಹೆಬ್ಬೆರಳು ಎತ್ತಿದರು. ನಮ್ಮ ಪದ್ಧತಿ ಎಷ್ಟು ಚೆನ್ನಾಗಿ ಕಲಿತಿದ್ದಾಳೆ ಎಂದು ಸಾವಿರಾರು ಜನ ಮೆಚ್ಚಿದ್ದರಂತೆ. ಯಾರಿಗೆ ಸುಡುತ್ತಿದ್ದೆ ಎಂದು ಒಬ್ಬರೂ ಕೇಳಲಿಲ್ಲ.

ಪಾಸ್‌ಪೋರ್ಟ್ ಮುಂದಿನ ವಾರ ಬಂತು. ದೂತಾವಾಸದ ಕಾಗದಕ್ಕೆ ಮೊದಲೇ, ತನ್ನ ಪಾಡಿಗೆ ತಾನು ಬಂತು. ತಾನ್ ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. "ಬೇಗ ಆಗ್ಲಿ ಅಂತ ದಿನಾ ಕೇಳ್ತಿದ್ದೆ ಅಕ್ಕಾ" ಎಂದು ಕಣ್ಣು ಒರೆಸಿಕೊಂಡಳು. ಅವಳನ್ನು ಸಮಾಧಾನ ಮಾಡುವ ಕೆಲಸವೂ ನನ್ನದೇ ಆಯಿತು. ಇನ್ನೂ ಮೂರು ವರ್ಷ ನಾನು ಇಲ್ಲಿರಬಹುದು. ಕಾರಣ ಬರೆಯುವ ಜಾಗದಲ್ಲಿ ಎಂದಿನಂತೆ, ಕುಟುಂಬದವರನ್ನು ಸೇರಲು ಎಂದಿದೆ.

ಇಷ್ಟೇ ಅಕ್ಕ ನಡೆದದ್ದು. ಇದರಲ್ಲಿ ದೊಡ್ಡ ಅನ್ಯಾಯ ಮಾಡಿದವರು ಯಾರೂ ಇಲ್ಲ, ನಿನಗೆ ಬೈಯಲು ನಾನೊಬ್ಬಳೇ ಸಿಗುತ್ತೇನೆ. ಬೈಯುವುದಾದರೆ ಫೋನು ಎತ್ತಿ ಬೈ. ನಿನ್ನ ದನಿಯಾದರೂ ಕೇಳಿಸುತ್ತದೆ.

ಲಕೋಟೆಯಲ್ಲಿ ಒಂದು ಎಲೆ ಇಟ್ಟಿದ್ದೇನೆ. ಕ್ಷಮೆ ಕೇಳಿ ಮುನಿದವರಿಗೆ ಕಳಿಸುವ ನಮ್ಮ ಇಸಾಲೆ ಎಲೆ ಇಲ್ಲಿ ಸಿಗುವುದಿಲ್ಲ. ಇದು ಅಂಗಡಿಯ ಗಲ್ಲಾದ ಮೇಲೆ ನೀರಿನ ಹೂಜಿಯಲ್ಲಿ ಇಡುವ ಗಿಡದ್ದು. ಅದೃಷ್ಟ ತರುತ್ತದೆಂದು ಇಲ್ಲಿ ಎಲ್ಲರೂ ಇಡುತ್ತಾರೆ. ನೋಡಲು ನಮ್ಮದರ ಸೋದರಿಯ ಹಾಗಿದೆ. ಇಸಾಲೆ ಎಂದೇ ತಿಳಿದು ತೆಗೆದುಕೋ. ಬೇಡವೆನಿಸಿದರೆ ಅಮ್ಮನ ಮಣ್ಣಿನ ಮೇಲಾದರೂ ಇಡು.

ಕ್ರಿಸ್ಮಸ್‌ಗೆ ಬರುತ್ತೇನೆ. ದೇವರು ನಿನ್ನನ್ನೂ ನಿನ್ನ ಮನೆಯನ್ನೂ ತಂಪಾಗಿ ಇಟ್ಟಿರಲಿ. ಭಾವನಿಗೆ ನನ್ನ ನಮಸ್ಕಾರ, ಮಕ್ಕಳ ತಲೆಯ ಮೇಲೆ ನನ್ನ ಕೈ ಇದೆ ಎಂದು ಹೇಳು. ಇನ್ನು ಅಮ್ಮನ ಜಾಗದಲ್ಲಿ ನೀನೇ ನನ್ನನ್ನು ಹರಸಬೇಕು.

ನಿನ್ನ ತಂಗಿ,
ಫುರಾಹಾ

ಮರೆತ ಮಾತು: ನಾನು ಒಬ್ಬಳೇ ಬರುತ್ತೇನೆ. ರುಯೂನ್ ಯಾಕೆ ಬರಲಿಲ್ಲ ಎಂದು ಎಲ್ಲರ ಮುಂದೆ ಕೇಳಬೇಡ, ಅದಕ್ಕೇ ಇಲ್ಲೇ ಬರೆಯುತ್ತಿದ್ದೇನೆ. ನಿನ್ನೆ ಊಟದ ಮೇಜಿನಲ್ಲಿ ಅವಳು ಶಾಲೆಯ ಪ್ರಬಂಧ ಬರೆಯುತ್ತಿದ್ದಾಗ, ಅಜ್ಜಿಯ ಮಣ್ಣಿಗೆ ಹೂ ಇಡಲು ಹೋಗೋಣ ಎಂದೆ. "ನಾನು ಬರಲ್ಲ ಅಮ್ಮ" ಎಂದಳು. ಓದು ಹಾಳಾಗುತ್ತದೆಂದಿರಬೇಕು ಎಂದುಕೊಂಡೆ. ಅವಳು ತಲೆ ಎತ್ತದೆಯೇ ಹೇಳಿದಳು: "ಹೋದ್ಸಲ ಅಲ್ಲಿ ಎಲ್ರೂ ನನ್ನನ್ನ ಚೀನಾದ ಹುಡುಗಿ ಅಂದ್ರು. ಇಲ್ಲಿ ವಿದೇಶಿ ಆಗಿರೋದೇ ಸಾಕು ನಂಗೆ, ಅಲ್ಲೂ ಆಗೋದು ಬೇಡ." ಅವಳು ಹುಟ್ಟಿದ್ದು ಈ ಊರಿನ ಆಸ್ಪತ್ರೆಯಲ್ಲಿ ಅಕ್ಕ. ಕನಸಿನಲ್ಲಿ ಬಡಬಡಿಸುವುದೂ ಇಲ್ಲಿಯ ಭಾಷೆಯಲ್ಲೇ. "ನಿನ್ನ ಯಾರು ವಿದೇಶಿ ಅಂತಾರೆ?" ಎಂದು ಕೇಳಿದೆ. "ಎಲ್ರೂ." "ಯಾವಾಗಿಂದ?" "ಯಾವಾಗ್ಲೂ." ಅನ್ನ ಬಡಿಸಲೇ ಎಂದೆ. ಇನ್ನೆರಡು ಸಾಲು ಇದೆ, ತಾಳು ಎಂದಳು.